ಅವರೆಯ ತಳಿ ಸಂಪತ್ತು: ಏಕೆ ಉಳಿಸಬೇಕು, ಹೇಗೆ ಉಳಿಸಬೇಕು?

ಮಾಗಿಯ ಚಳಿಯಲ್ಲಿ, ಇಬ್ಬನಿ ಆರುವ ಮುನ್ನ ಅವರೆ ಹೊಲದ ಬದುವಿನ ಮೇಲೆ ನಡೆದವರಿಗೆ ಅದರ ಸೊಗಡನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ತುಮಕೂರು, ಮಂಡ್ಯ, ಮೈಸೂರು, ಹಾಸನ ಜಿಲ್ಲೆಗಳ ಖುಷ್ಕಿ ರೈತರಿಗೆ ಅವರೆಯು ರಾಗಿಯ ಜೊತೆಗಾರ. ಹಸಿಗಾಯಿ ಸಂತೆಗೆ, ಒಣಗಾಳು ಮನೆಗೆ, ಹೊಟ್ಟು ದನಕ್ಕೆ, ಬೇರಿನ ಗಂಟುಗಳಲ್ಲಿ ಸೇರಿದ ಸಾರಜನಕ ಭೂಮಿಗೆ. ಒಣಗಾಳಿನಲ್ಲಿ ಶೇಕಡಾ 20ರಿಂದ 25ರಷ್ಟು ಸಸಾರಜನಕ ಇದೆ. ಇಷ್ಟೆಲ್ಲ ಗುಣಗಳಿದ್ದರೂ ಜಗತ್ತಿನ ವಿಜ್ಞಾನ ಬಹುಕಾಲ ಕಡೆಗಣಿಸಿದ ಬೆಳೆಗಳಲ್ಲಿ ಅವರೆಯೂ ಒಂದು.

ಕೆಲವು ವರ್ಷಗಳ ಹಿಂದೆ ನಾನು ನಾಟಿ ಅವರೆಯ ಬೀಜ ಸಂಗ್ರಹಕ್ಕಾಗಿ ಮಾಗಡಿ ಸೀಮೆಯ ಹಳ್ಳಿಯೊಂದಕ್ಕೆ ಹೋಗಿದ್ದೆ. ಜಗುಲಿಯ ಮೇಲೆ ಕುಳಿತಿದ್ದ ಅಜ್ಜಿಯೊಬ್ಬರು ನನ್ನ ಚೀಲಗಳನ್ನು ನೋಡಿ ಹೀಗೆಂದರು: "ನಮ್ಮತ್ತೆ ಕಾಲದ್ದು ಒಂದು ಅವರೆ ಇತ್ತು ಕಣಪ್ಪ. ಕಾಯಿ ಮುಟ್ಟಿದ್ರೆ ಕೈಗೆ ಎಣ್ಣೆ ಅಂಟೋದು. ಎರಡು ವರ್ಷ ಮಳೆ ಕೈಕೊಡ್ತು. ಬಿತ್ತನೆಗೆ ಇಟ್ಟಿದ್ದನ್ನೂ ಬೇಯಿಸ್ಕೊಂಡು ತಿಂದ್ವಿ. ಆಮೇಲೆ ಎಲ್ಲಿ ಹುಡುಕಿದ್ರೂ ಸಿಗಲಿಲ್ಲ." ಆ ಅವರೆಯ ಹೆಸರಾಗಲಿ, ಕಾಳಿನ ಒಂದು ಮಾದರಿಯಾಗಲಿ ಎಲ್ಲಿಯೂ ದಾಖಲಾಗಿಲ್ಲ. ಅಂದು ನನ್ನ ಚೀಲ ಖಾಲಿಯಾಗಿಯೇ ಉಳಿಯಿತು.

ಇಂತಹ ನಷ್ಟ ಒಂದು ಮನೆಯದು ಮಾತ್ರವಲ್ಲ. ಅದು ನಾಳೆ ಹುಟ್ಟಬೇಕಾದ ಹೊಸ ತಳಿಗಳ ನಷ್ಟವೂ ಹೌದು. ಅದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ತಳಿ ಸಂಪತ್ತು ಎಂದರೇನು?

ಒಂದು ಬೆಳೆಯ ಎಲ್ಲ ನಾಟಿ ತಳಿಗಳು, ಸುಧಾರಿತ ತಳಿಗಳು, ಹೊರದೇಶಗಳ ತಳಿಗಳು ಹಾಗೂ ಅದರ ಕಾಡು ಬಂಧುಗಳು, ಇವೆಲ್ಲ ಸೇರಿದ ಮೊತ್ತವೇ ಆ ಬೆಳೆಯ ತಳಿ ಸಂಪತ್ತು. ಅವರೆಯಲ್ಲಿಯೇ ನೋಡಿ. ಬಿಳಿ ಹೂವಿನದು, ನೇರಳೆ ಹೂವಿನದು. ಹೊಲದ ಅವರೆ, ಹಿತ್ತಲಿನ ಚಪ್ಪರದವರೆ. ನೇರವಾಗಿ ನಿಲ್ಲುವುದು, ಹಬ್ಬುವುದು. ಬೇಗ ಹೂ ಬಿಡುವುದು, ತಡವಾಗಿ ಬಿಡುವುದು. ಹೆಚ್ಚು ಸೊಗಡಿನದು, ಸೊಗಡೇ ಇಲ್ಲದ್ದು. ಈ ವ್ಯತ್ಯಾಸಗಳಿಗೆ ಕಾರಣ ಬೀಜದೊಳಗಿನ ಜೀನ್ ಎಂಬ ಗುಣಾಣುಗಳು.

ತಳಿ ತಜ್ಞನು ಗುಣಾಣುಗಳನ್ನು ತಾನೇ ಸೃಷ್ಟಿಸುವುದಿಲ್ಲ. ಒಂದು ತಳಿಯಲ್ಲಿರುವ ಒಳ್ಳೆಯ ಗುಣವನ್ನು ಇನ್ನೊಂದು ತಳಿಯ ಒಳ್ಳೆಯ ಗುಣದೊಡನೆ ಕೂಡಿಸುತ್ತಾನೆ, ಅಷ್ಟೇ. ಕಣಜದಲ್ಲಿ ಇಲ್ಲದ ಕಾಳನ್ನು ಅಳೆದು ಕೊಡಲು ಹೇಗೆ ಸಾಧ್ಯವಿಲ್ಲವೋ, ಸಂಗ್ರಹದಲ್ಲಿ ಇಲ್ಲದ ಗುಣವನ್ನು ಹೊಸ ತಳಿಗೆ ತರುವುದೂ ಹಾಗೆಯೇ ಸಾಧ್ಯವಿಲ್ಲ.

ಹೆಬ್ಬಾಳ ಅವರೆ ಕಲಿಸುವ ಪಾಠ

ನಾಟಿ ಅವರೆಯು ಹಗಲು ಕಿರಿದಾದಾಗ ಮಾತ್ರ ಹೂ ಬಿಡುವ ಬೆಳೆ. ಜುಲೈನಲ್ಲಿ ಬಿತ್ತಿದರೂ, ಆಗಸ್ಟ್‌ನಲ್ಲಿ ಬಿತ್ತಿದರೂ ಅದು ಹೂವಿಗೆ ಬರುವುದು ಮಳೆಗಾಲ ಕಳೆದು ಚಳಿಯ ದಿನಗಳು ಕಾಲಿಟ್ಟ ಮೇಲೆಯೇ. ಬೇಸಿಗೆಯಲ್ಲಿ ಬಿತ್ತಿದರೆ ಬಳ್ಳಿ ಬೆಳೆಯುತ್ತದೆ, ಕಾಯಿ ಸಿಗುವುದಿಲ್ಲ. ಹೀಗಾಗಿ ಅವರೆಕಾಯಿಯ ಮಾರುಕಟ್ಟೆ ವರ್ಷದ ಕೆಲವು ವಾರಗಳಿಗೆ ಸೀಮಿತವಾಗಿತ್ತು.

1970ರ ದಶಕದ ಆರಂಭದಿಂದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ಹೊರಬಂದ ಹೆಬ್ಬಾಳ ಅವರೆಯ ತಳಿಗಳು ಈ ಕಟ್ಟನ್ನು ಬಿಡಿಸಿದವು. ಹೆಬ್ಬಾಳ ಅವರೆ-1ನ್ನು ಹೊರದೇಶದಿಂದ ತಂದ ಯುಎಸ್ 67-31 ಎಂಬ ತಳಿಯೊಡನೆ ಸಂಕರಿಸಿ ಹೆಬ್ಬಾಳ ಅವರೆ-3ನ್ನು ಪಡೆಯಲಾಯಿತು. ಇದು ಹಗಲಿನ ಉದ್ದವನ್ನು ಲೆಕ್ಕಿಸದೆ ಬಿತ್ತಿದ ಸುಮಾರು ಒಂದೂವರೆ ತಿಂಗಳಿಗೆ ಹೂವಿಗೆ ಬರುತ್ತದೆ. ಗಿಡ ಗಿಡ್ಡಗಾಗಿ ನಿಂತು ಕಾಯಿ ಒಟ್ಟಿಗೆ ಬಲಿಯುತ್ತದೆ. ಮುಂದೆ ಹೆಬ್ಬಾಳ ಅವರೆ-3ನ್ನು ಮಾಗಡಿಯ ನಾಟಿ ಅವರೆಯೊಡನೆ ಸಂಕರಿಸಿ ಹೆಬ್ಬಾಳ ಅವರೆ-4ನ್ನು ರೂಪಿಸಲಾಯಿತು. ನೀರಿನ ಅನುಕೂಲವಿರುವ ರೈತರು ಇಂದು ಯಾವ ತಿಂಗಳಲ್ಲಾದರೂ ಅವರೆಕಾಯಿ ಮಾರುತ್ತಿದ್ದರೆ ಅದಕ್ಕೆ ಈ ತಳಿಗಳೇ ಕಾರಣ.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಹೆಬ್ಬಾಳ ಅವರೆ-4ರ ತಂದೆತಾಯಿಗಳಲ್ಲಿ ಒಂದು ಪ್ರಯೋಗಶಾಲೆಯಲ್ಲಿ ಹುಟ್ಟಿದ್ದಲ್ಲ. ಅದು ಮಾಗಡಿ ಸೀಮೆಯ ರೈತರು ತಲೆಮಾರುಗಳಿಂದ ಗುಡಾಣದಲ್ಲಿ ಕಾಪಾಡಿ, ವರ್ಷವರ್ಷವೂ ಬಿತ್ತಿ ಉಳಿಸಿಕೊಂಡು ಬಂದ ಬೀಜ. ಆ ಬೀಜವೂ ಅಜ್ಜಿಯ ಮನೆಯ ಅವರೆಯಂತೆ ಬರಗಾಲದ ಒಲೆಗೆ ಹೋಗಿದ್ದರೆ ಹೆಬ್ಬಾಳ ಅವರೆ-4 ಹುಟ್ಟುತ್ತಲೇ ಇರಲಿಲ್ಲ.

ಹೊಸ ತಳಿ ಬಂದ ಮೇಲೆ ಹಳೆಯದು ಬೇಕೆ?

ಇದು ರೈತರು ನಮ್ಮನ್ನು ಮೇಲಿಂದ ಮೇಲೆ ಕೇಳುವ ಪ್ರಶ್ನೆ. ಬೇಸಾಯದ ದೃಷ್ಟಿಯಿಂದಲೇ ಇದಕ್ಕೆ ಉತ್ತರ ಹೇಳಬಹುದು.

ಮೊದಲನೆಯದಾಗಿ, ಅಕ್ಕಡಿ ಬೇಸಾಯ. ರಾಗಿಯ 8 ಸಾಲಿಗೆ ಅವರೆಯ 1 ಸಾಲು ಹಾಕುವ ಪದ್ಧತಿಯಲ್ಲಿ ನಾಟಿ ಅವರೆ ರಾಗಿಯೊಡನೆ ಮೊದಮೊದಲು ಹೆಚ್ಚು ಪೈಪೋಟಿ ಮಾಡದೆ ತಗ್ಗಿ ಬೆಳೆಯುತ್ತದೆ. ರಾಗಿ ಕೊಯ್ದ ಮೇಲೆ ಇಡೀ ಹೊಲ ಅದರದೇ. ನೆಲದಲ್ಲಿ ಉಳಿದ ತೇವ ಮತ್ತು ಇಬ್ಬನಿಯ ಆಸರೆಯಲ್ಲಿ ಹಬ್ಬಿ, ವಾರಗಟ್ಟಲೆ ಹೂ ಬಿಟ್ಟು, ಹಲವು ಬಾರಿ ಬಿಡಿಸುವಷ್ಟು ಕಾಯಿ ಕೊಡುತ್ತದೆ. ಒಂದೂವರೆ ತಿಂಗಳಿಗೆ ಹೂವಿಗೆ ಬರುವ ಗಿಡ್ಡ ತಳಿಯು ಈ ಜಾಗಕ್ಕೆ ಹೊಂದುವುದಿಲ್ಲ. ಅದು ರಾಗಿಯ ನೆರಳಿನಲ್ಲಿಯೇ ಹೂ ಬಿಟ್ಟು ಮುಗಿಸುತ್ತದೆ. ಅದರ ಸರಿಯಾದ ಜಾಗ ತನಿ ಬೆಳೆ ಮತ್ತು ನೀರಾವರಿ.

ಎರಡನೆಯದಾಗಿ, ಹವಾಮಾನದ ಅಪಾಯ. ಒಂದೇ ಹೊತ್ತಿಗೆ ಹೂ ಬಿಡುವ ತಳಿಯಲ್ಲಿ ಹೂವಿನ ಕಾಲಕ್ಕೆ ಜಡಿಮಳೆ ಹಿಡಿದರೆ ಅಥವಾ ತೇವ ಕೊರತೆಯಾದರೆ ಬೆಳೆಯ ದೊಡ್ಡ ಪಾಲು ಒಮ್ಮೆಲೇ ಹೋಗುತ್ತದೆ. ಬಹುದಿನ ಹೂ ಬಿಡುವ ನಾಟಿ ಬಗೆಯಲ್ಲಿ ಮೊದಲ ಹೂ ಉದುರಿದರೂ ಮತ್ತೆ ಹೂ ಬರುವ ಅವಕಾಶವಿದೆ.

ಮೂರನೆಯದಾಗಿ, ಸೊಗಡು. ಕಾಯಿಯ ಸಿಪ್ಪೆಯ ಮೇಲೆ ಒಸರುವ ಎಣ್ಣೆಯಂತಹ ಜಿಡ್ಡಿನಲ್ಲಿ ವಿಶಿಷ್ಟವಾದ ಕೊಬ್ಬಿನ ಆಮ್ಲಗಳಿವೆ ಎಂಬುದು 1979ರಲ್ಲಿಯೇ ಪ್ರಕಟವಾದ ವಿಷಯ. ಹಿತಕವರೆಯ ಸಾರು ಮಾಡುವ ಗೃಹಿಣಿ ಕಾಯಿಯನ್ನು ಮೂಸಿ ನೋಡಿಯೇ ಕೊಳ್ಳುತ್ತಾಳೆ. ಸೊಗಡಿಲ್ಲದ ಕಾಯಿ ಎಷ್ಟೇ ದಪ್ಪಗಿದ್ದರೂ ಅವಳ ಕೈ ಮುಂದಿನ ಗುಡ್ಡೆಯ ಕಡೆಗೆ ಹೋಗುತ್ತದೆ. ಬೆಲೆಯನ್ನು ನಿರ್ಧರಿಸುವ ಈ ಗುಣದ ಮುಖ್ಯ ಆಕರ ನಮ್ಮ ನಾಟಿ ಅವರೆಗಳೇ.

ಆದ್ದರಿಂದ ಹೊಸ ತಳಿಯನ್ನು ಬಿಡಿ ಎಂದು ಹೇಳುವುದು ನಮ್ಮ ಉದ್ದೇಶವಲ್ಲ. ಹೊಸದನ್ನು ಬೆಳೆಯಿರಿ, ಹಳೆಯದರ ಬೀಜ ಅಳಿಯಲು ಬಿಡಬೇಡಿ.

ಆಫ್ರಿಕದಿಂದ ಬಂದು ನಮ್ಮದಾದ ಬೆಳೆ

ಅವರೆಯನ್ನು ನಾವು ನಮ್ಮ ನೆಲದ್ದೇ ಎಂದು ತಿಳಿದಿದ್ದೇವೆ. ಆದರೆ ಅದರ ಕಾಡು ಬಂಧುಗಳು ಬೆಳೆಯುವುದು ಆಫ್ರಿಕ ಖಂಡದಲ್ಲಿ. ಅಲ್ಲಿಂದ ಅದು ಬಹು ಹಿಂದೆಯೇ ನಮ್ಮಲ್ಲಿಗೆ ಬಂದಿತು. ತುಂಗಭದ್ರೆಯ ದಡದ ಹಳ್ಳೂರು, ಬಳ್ಳಾರಿ ಬಳಿಯ ಸಂಗನಕಲ್ಲು ಮೊದಲಾದ ಪ್ರಾಚೀನ ನೆಲೆಗಳ ಉತ್ಖನನದಲ್ಲಿ ಸುಟ್ಟು ಕರಿಕಾದ ಅವರೆ ಕಾಳುಗಳು ದೊರೆತಿವೆ. ಅಂದರೆ ಈ ನಾಡಿನ ಒಕ್ಕಲು ಮಕ್ಕಳು ಮೂರು ಸಾವಿರ ವರ್ಷಗಳಿಗೂ ಹಿಂದಿನಿಂದ ಅವರೆಯನ್ನು ಬಲ್ಲರು. ಇಷ್ಟು ದೀರ್ಘಕಾಲದ ಆಯ್ಕೆಯಿಂದಲೇ ನಮ್ಮಲ್ಲಿ ಇಷ್ಟೊಂದು ಬಗೆಗಳು ಮೂಡಿದವು.

ಮೂಲ ನಾಡಾದ ಆಫ್ರಿಕದಲ್ಲಿ ಆದದ್ದೇ ಬೇರೆ. ಕೀನ್ಯ ದೇಶದ ಕಿಕುಯು ಜನ ಕಪ್ಪು ಅವರೆಯನ್ನು ನ್ಜಾಹಿ ಎಂದು ಕರೆಯುತ್ತಾರೆ. ಬಾಣಂತಿಯರಿಗೆ ಅದನ್ನು ಬೇಯಿಸಿ ಕೊಡುವ ವಾಡಿಕೆ ಅವರದು. ಇಪ್ಪತ್ತನೆಯ ಶತಮಾನದಲ್ಲಿ ವಸಾಹತು ಸರ್ಕಾರವು ರಫ್ತಿನ ಆಸೆಯಿಂದ ಬೀನ್ಸ್ ಬೆಳೆಗೆ ಒತ್ತು ಕೊಟ್ಟಿತು. ಅವರೆ ಹಿಂದೆ ಸರಿಯಿತು. ಅವರೆಯು ಆಫ್ರಿಕಕ್ಕೆ ಕೈತಪ್ಪಿದ ಬೆಳೆಯೇ ಎಂದು 2010ರಲ್ಲಿ ವಿಜ್ಞಾನಿಗಳು ಕೇಳುವಂತಾಯಿತು. ಬೆಳೆಯುವವರು ಕೈಬಿಟ್ಟರೆ ಹುಟ್ಟೂರಿನಲ್ಲಿಯೂ ಬೆಳೆ ಉಳಿಯುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಕೀನ್ಯದ ರೊಂಗಾಯ್ ಪ್ರದೇಶದಿಂದ ಒಯ್ದ ಅವರೆಯೊಂದು 1962ರಲ್ಲಿ ಆಸ್ಟ್ರೇಲಿಯದಲ್ಲಿ ಅದೇ ಹೆಸರಿನ ಮೇವಿನ ತಳಿಯಾಗಿ ಬಿಡುಗಡೆಯಾಯಿತು. ಒಂದು ಊರಿನ ಬೀಜ ಇನ್ನೊಂದು ಖಂಡದ ದನಗಳ ಹೊಟ್ಟೆ ತುಂಬಿಸಿತು.

ಬೀಜದೊಳಗಿನ ನಕ್ಷೆ

ಭತ್ತದ ಗುಣಾಣುಗಳ ಪೂರ್ಣ ನಕ್ಷೆ 2005ರಲ್ಲಿಯೇ ಸಿದ್ಧವಾಯಿತು. ಫಿಲಿಪೈನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಬೀಜ ಭಂಡಾರದಲ್ಲಿ ಭತ್ತದ 1,30,000ಕ್ಕೂ ಹೆಚ್ಚು ಮಾದರಿಗಳಿವೆ. ಅವರೆಗೆ ಈ ಭಾಗ್ಯ ತಡವಾಗಿ ಬಂದಿತು. ಆಫ್ರಿಕದ ಕಡೆಗಣಿತ ಬೆಳೆಗಳ ಮೇಲಿನ ಕಾರ್ಯಕ್ರಮವೊಂದರಲ್ಲಿ 2019ರಲ್ಲಿ ಅವರೆಯ ಮೊದಲ ಕರಡು ನಕ್ಷೆ ಪ್ರಕಟವಾಯಿತು. ನೈರೋಬಿಯ ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆಯೂ ಸೇರಿದಂತೆ ಹಲವು ದೇಶಗಳ ವಿಜ್ಞಾನಿಗಳು 2023ರಲ್ಲಿ ಅದಕ್ಕಿಂತ ಉತ್ತಮವಾದ ನಕ್ಷೆಯನ್ನು ಪ್ರಕಟಿಸಿದರು.

ಇದನ್ನು ಹೀಗೆ ತಿಳಿಯಬಹುದು. ಅವರೆಯ ಪ್ರತಿಯೊಂದು ಜೀವಕೋಶದಲ್ಲಿ 11 ಜೊತೆ ವರ್ಣತಂತುಗಳಿವೆ. ಅವನ್ನು 11 ಸಂಪುಟಗಳ ಒಂದು ಗ್ರಂಥವೆಂದುಕೊಂಡರೆ, ಅದರಲ್ಲಿ ಸುಮಾರು 42.6 ಕೋಟಿ ಅಕ್ಷರಗಳೂ ಸುಮಾರು 31,000 ವಾಕ್ಯಗಳೂ ಇವೆ. ಆ ವಾಕ್ಯಗಳೇ ಗುಣಾಣುಗಳು. ಈಗ ಆ ಗ್ರಂಥವನ್ನು ಮೊದಲಿಂದ ಕೊನೆಯವರೆಗೆ ಓದಲು ಸಾಧ್ಯವಾಗಿದೆ.

ಇದರಿಂದ ತಿಳಿದ ಮುಖ್ಯ ವಿಷಯವೆಂದರೆ, ಮನುಷ್ಯರು ಅವರೆಯನ್ನು ಕಾಡಿನಿಂದ ಹೊಲಕ್ಕೆ ತಂದದ್ದು ಒಂದು ಬಾರಿಯಲ್ಲ, ಎರಡು ಬಾರಿ. ಕಾಯಿಗೆ ಎರಡು ಕಾಳಿನ ಗುಂಪು ಒಂದು. ಅದು ಇಥಿಯೋಪಿಯಕ್ಕೆ ಸೀಮಿತವಾಗಿದೆ. ಕಾಯಿಗೆ ನಾಲ್ಕು ಕಾಳಿನ ಗುಂಪು ಇನ್ನೊಂದು. ಜಗತ್ತಿನ ಉಳಿದೆಡೆ ಹರಡಿದ್ದು ಇದೇ. ಹೀಗಾಗಿ ನಮ್ಮ ಅವರೆಗಳ ಬಗೆಗಳು ಎಷ್ಟೇ ಇದ್ದರೂ ಆಫ್ರಿಕದ ಕಾಡು ಬಂಧುಗಳಲ್ಲಿಯೂ ಇಥಿಯೋಪಿಯದ ಗುಂಪಿನಲ್ಲಿಯೂ ನಮ್ಮಲ್ಲಿಲ್ಲದ ಗುಣಗಳು ಇರಲು ಸಾಧ್ಯ. ಕಾಯಿಕೊರಕ ಹುಳುವನ್ನು ತಡೆಯುವ ಶಕ್ತಿಯನ್ನೂ ಬರವನ್ನು ತಾಳುವ ಶಕ್ತಿಯನ್ನೂ ಹುಡುಕುವಾಗ ತಜ್ಞರು ಅತ್ತಲೂ ನೋಡಬೇಕಾಗುತ್ತದೆ.

ನಕ್ಷೆಯಿಂದ ಸಮಯದ ಉಳಿತಾಯವೂ ಆಗುತ್ತದೆ. ಒಂದು ಗುಣದ ಜಾಗ ನಕ್ಷೆಯಲ್ಲಿ ಗೊತ್ತಾದರೆ, ಸಸಿಯ ಒಂದು ಎಲೆಯನ್ನು ಪರೀಕ್ಷಿಸಿಯೇ ಆ ಗಿಡದಲ್ಲಿ ಆ ಗುಣ ಇದೆಯೇ ಇಲ್ಲವೇ ಎಂದು ಹೇಳಬಹುದು. ಆದರೆ ನಕ್ಷೆ ಕೈಯಲ್ಲಿದ್ದು ಊರೇ ಇಲ್ಲದಿದ್ದರೆ ಪ್ರಯಾಣ ಎಲ್ಲಿಗೆ? ಬೀಜವೇ ಅಳಿದು ಹೋದರೆ ಈ ವಿದ್ಯೆಯಿಂದ ಪ್ರಯೋಜನವಿಲ್ಲ.

ಬೀಜದ ಚೀಲದಿಂದ ಹೊಸ ತಳಿಯವರೆಗೆ

ರೈತರಿಂದ ಬಂದ ಬೀಜ ಹೊಸ ತಳಿಯಾಗುವವರೆಗೆ ಹಲವು ಹಂತಗಳನ್ನು ದಾಟಬೇಕು.

ಸಂಗ್ರಹ: ಪ್ರತಿಯೊಂದು ಮಾದರಿಗೂ ಸಂಖ್ಯೆ ಕೊಟ್ಟು, ಊರು ಮತ್ತು ವಿವರಗಳನ್ನು ದಾಖಲಿಸಲಾಗುತ್ತದೆ. ಬೀಜವನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಲಕೋಟೆಯಲ್ಲಿ ಮುಚ್ಚಿ ತಣ್ಣನೆಯ ಕೋಣೆಯಲ್ಲಿಡಲಾಗುತ್ತದೆ. ದೆಹಲಿಯ ರಾಷ್ಟ್ರೀಯ ಬೀಜ ಭಂಡಾರದಂತಹ ಕಡೆ ದೀರ್ಘಕಾಲದ ಸಂಗ್ರಹಕ್ಕೆ ಸೊನ್ನೆಗಿಂತ ಸುಮಾರು 18 ಡಿಗ್ರಿ ಕೆಳಗಿನ ಉಷ್ಣತೆಯನ್ನು ಕಾಪಾಡುತ್ತಾರೆ.

ವಿವರಣೆ: ಮಾದರಿಗಳನ್ನು ಸಾಲಾಗಿ ಬೆಳೆದು ಹೂವಿನ ದಿನ, ಬಣ್ಣ, ಕಾಯಿಯ ಆಕಾರ, ಕಾಳಿನ ತೂಕ, ಸೊಗಡು, ರೋಗ ಹಾಗೂ ಕೀಟ ಬಾಧೆಗಳನ್ನು ಬರೆದುಕೊಳ್ಳಬೇಕು. ನೂರಾರು ಮಾದರಿಗಳನ್ನು ಪ್ರತಿ ವರ್ಷ ಬೆಳೆಯುವುದು ಕಷ್ಟ. ಆದ್ದರಿಂದ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ 600ಕ್ಕೂ ಹೆಚ್ಚು ಅವರೆ ಮಾದರಿಗಳಿಂದ ಹೆಚ್ಚಿನ ವೈವಿಧ್ಯವನ್ನು ಪ್ರತಿನಿಧಿಸುವ 64ನ್ನು ಆರಿಸಿ ಒಂದು ತಿರುಳು ಗುಂಪನ್ನು ಮಾಡಲಾಯಿತು. ಈ ಕೆಲಸ 2015ರಲ್ಲಿ ಪ್ರಕಟವಾಯಿತು. ತಜ್ಞರು ಹೊಸ ಗುಣ ಹುಡುಕುವಾಗ ಮೊದಲು ಈ ಗುಂಪನ್ನು ನೋಡುತ್ತಾರೆ. ಅಗತ್ಯವಾದರೆ ಉಳಿದವುಗಳಿಗೆ ಹೋಗುತ್ತಾರೆ.

ಸಂಕರಣ: ಅವರೆಯು ಬಹುಮಟ್ಟಿಗೆ ತನ್ನ ಹೂವಿನ ಪರಾಗದಿಂದಲೇ ಕಾಯಿಕಟ್ಟುವ ಬೆಳೆ. ಆದ್ದರಿಂದ ಸಂಜೆಯ ಹೊತ್ತು ಅರಳದ ಮೊಗ್ಗನ್ನು ಬಿಡಿಸಿ ಕೇಸರಗಳನ್ನು ಚಿಮಟದಿಂದ ತೆಗೆದು, ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗವನ್ನು ಸೋಕಿಸಬೇಕು. ಕೈ ಸ್ವಲ್ಪ ಒರಟಾದರೂ ಮೊಗ್ಗು ಉದುರುತ್ತದೆ. ಹಬ್ಬುವ ನಾಟಿ ಅವರೆಯನ್ನು ಗಿಡ್ಡ ತಳಿಯೊಡನೆ ಸಂಕರಿಸಿದರೆ ಮೊದಲ ಪೀಳಿಗೆಯ ಗಿಡಗಳು ನಾಟಿ ಅವರೆಯಂತೆಯೇ ಹಬ್ಬುತ್ತವೆ, ತಡವಾಗಿ ಹೂ ಬಿಡುತ್ತವೆ. ಶ್ರಮ ವ್ಯರ್ಥವಾಯಿತೆಂದು ತೋರುತ್ತದೆ. ಅಡಗಿದ್ದ ಗುಣ ಮತ್ತೆ ಕಾಣಿಸುವುದು ಎರಡನೆಯ ಪೀಳಿಗೆಯಲ್ಲಿ, ಅದೂ ಕೆಲವೇ ಗಿಡಗಳಲ್ಲಿ. ಅವುಗಳಲ್ಲಿ ಬೇಗ ಹೂ ಬಿಡುವ ಗುಣವೂ ಸೊಗಡೂ ಕೂಡಿದ ಗಿಡವನ್ನು ಹುಡುಕಬೇಕು.

ಆಯ್ಕೆ ಮತ್ತು ಪರೀಕ್ಷೆ: ಹೀಗೆ ಆರಿಸಿದ ಗಿಡಗಳನ್ನು ಪೀಳಿಗೆಯಿಂದ ಪೀಳಿಗೆಗೆ ಬೆಳೆದು, ಗುಣಗಳು ಸ್ಥಿರವಾದ ಮೇಲೆ ಹಲವು ಕಡೆ ಪರೀಕ್ಷಿಸಿ, ಕೊನೆಗೆ ರೈತರ ಹೊಲಗಳಲ್ಲಿ ಪ್ರಯೋಗ ಮಾಡಲಾಗುತ್ತದೆ. ಒಂದು ತಳಿಯ ಹಿಂದೆ ಹತ್ತು ವರ್ಷಗಳ ದುಡಿಮೆ ಇರುವುದು ಸಾಮಾನ್ಯ.

ಭಂಡಾರವೂ ಬೇಕು, ಹೊಲವೂ ಬೇಕು

ಎಲ್ಲವನ್ನೂ ಬೀಜ ಭಂಡಾರದಲ್ಲಿಟ್ಟರೆ ಸಾಲದೆ, ರೈತರಿಗೆ ಏಕೆ ಈ ಹೊರೆ ಎಂದು ಕೇಳಬಹುದು. ಭಂಡಾರದ ಬೀಜ ನಿದ್ರೆಯಲ್ಲಿರುತ್ತದೆ. ಅದು ಇಟ್ಟ ದಿನ ಹೇಗಿತ್ತೋ ಹಾಗೆಯೇ ಉಳಿಯುತ್ತದೆ. ಹೊಲದ ಬೀಜ ಹಾಗಲ್ಲ. ಪ್ರತಿ ವರ್ಷ ಬದಲಾಗುವ ಮಳೆ, ಬಿಸಿಲು, ಹುಳು, ರೋಗಗಳನ್ನು ಎದುರಿಸಿ, ಬದುಕಿದ ಗಿಡಗಳ ಮೂಲಕ ಕಾಲಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತ ಹೋಗುತ್ತದೆ. ಜೊತೆಗೆ ಯಾವ ಭಂಡಾರದ ಲಕೋಟೆಯಲ್ಲಿಯೂ ಇಡಲಾಗದ್ದು ಒಂದಿದೆ. ಯಾವ ಮಳೆಗೆ ಬಿತ್ತಬೇಕು, ಯಾವ ಮಣ್ಣಿಗೆ ಯಾವ ಅವರೆ, ಯಾವುದು ಸಾರಿಗೆ, ಯಾವುದು ಒಣಗಾಳಿಗೆ ಎಂಬ ತಿಳಿವಳಿಕೆ ಅದು. ಮನೆಯ ಹಿರಿಯರೊಡನೆ ಅದೂ ಹೋಗುತ್ತದೆ.

ರೈತರು ಅನುಸರಿಸಬೇಕಾದ ಕ್ರಮಗಳು

1. ನಾಟಿ ಅವರೆ ಇರುವವರು ಪ್ರತಿ ವರ್ಷ ಸ್ವಲ್ಪ ಜಾಗದಲ್ಲಾದರೂ ಅದನ್ನು ಬಿತ್ತಬೇಕು. ರಾಗಿ ಹೊಲದ ನಾಲ್ಕು ಅಕ್ಕಡಿ ಸಾಲುಗಳಾದರೂ ಸಾಕು.

2. ಬಿತ್ತನೆ ಬೀಜವನ್ನು ಎಂದೂ ಪೂರ್ತಿ ಬಿತ್ತಬಾರದು. ಒಂದು ಪಾಲನ್ನು ಮರುವರ್ಷಕ್ಕೆ ಉಳಿಸಿಕೊಳ್ಳಬೇಕು. ನೆಂಟರಲ್ಲಿಯೋ ನೆರೆಯ ಊರಿನಲ್ಲಿಯೋ ಇನ್ನೊಬ್ಬರಿಗೆ ಸ್ವಲ್ಪ ಬೀಜ ಕೊಟ್ಟಿರಬೇಕು. ನಿಮ್ಮಲ್ಲಿ ಹೋದರೆ ಅವರಲ್ಲಿ ಇರುತ್ತದೆ.

3. ಜೇನ್ನೊಣಗಳಿಂದ ಅಲ್ಪಸ್ವಲ್ಪ ಪರಾಗ ಬೆರೆಯುವುದರಿಂದ ನಾಟಿ ಅವರೆಯನ್ನು ಹೊಸ ತಳಿಯ ಪಕ್ಕದಲ್ಲಿಯೇ ಹಾಕಬಾರದು. ಬೀಜಕ್ಕೆ ಬಿಡುವ ಗಿಡಗಳನ್ನು ಹೊಲದ ನಡುವೆ ಗುರುತಿಸಿಕೊಳ್ಳಬೇಕು.

4. ಬೀಜಕ್ಕೆ ಮೊದಲ ಕೊಯ್ಲಿನ ಒಳ್ಳೆಯ ಕಾಯಿಗಳನ್ನು ಬಿಡಬೇಕು. ಕೊನೆಯಲ್ಲಿ ಉಳಿದ ಹುಳುಕು, ಜೊಳ್ಳು ಕಾಯಿಗಳಿಂದ ಬೀಜ ಹಿಡಿಯುವುದು ತಪ್ಪು. ರೋಗದ ಗಿಡಗಳಿಂದ ಬೀಜ ತೆಗೆಯಬಾರದು.

5. ಕಾಳನ್ನು ಚೆನ್ನಾಗಿ ಒಣಗಿಸಬೇಕು. ಹಲ್ಲಿನಲ್ಲಿ ಕಡಿದರೆ ಮೆತ್ತಗೆ ಒತ್ತದೆ ಟಕ್ಕನೆ ಒಡೆಯುವ ಹದವಿರಬೇಕು. ಕಾಳು ಕೊರೆಯುವ ದುಂಬಿಯು ಹೊಲದಲ್ಲಿಯೇ ಕಾಯಿಯ ಮೇಲೆ ಮೊಟ್ಟೆಯಿಟ್ಟಿರುತ್ತದೆ. ಆದ್ದರಿಂದ ಒಣಗಿಸಿದ ತಕ್ಷಣ ಹಿರಿಯರ ವಾಡಿಕೆಯಂತೆ ಕೆಮ್ಮಣ್ಣು ಕಟ್ಟಿ ಮತ್ತೆ ಒಣಗಿಸಿ, ಅಥವಾ ಜರಡಿಯಾಡಿದ ಬೂದಿ ಬೆರೆಸಿ, ಬಾಯಿ ಭದ್ರವಾಗಿ ಮುಚ್ಚಿದ ಗುಡಾಣ ಇಲ್ಲವೆ ಡಬ್ಬಿಯಲ್ಲಿಡಬೇಕು. ತಿಂಗಳಿಗೊಮ್ಮೆ ತೆಗೆದು ನೋಡಬೇಕು.

6. ವಿಶ್ವವಿದ್ಯಾನಿಲಯದ ಸಂಗ್ರಹಕ್ಕೆ ಬೀಜ ಕೊಡುವಾಗ ಕ್ರಮ ಬೇರೆ. ನಿಮ್ಮ ಬಿತ್ತನೆಗೆ ಉತ್ತಮ ಗಿಡಗಳನ್ನೇ ಆರಿಸುತ್ತೀರಿ. ಸಂಗ್ರಹಕ್ಕೆ ಹಾಗೆ ಆರಿಸಬಾರದು. ಹೊಲದ ಉದ್ದಗಲಕ್ಕೆ ನಡೆದು ಕನಿಷ್ಠ 50 ಗಿಡಗಳಿಂದ ಒಂದೆರಡು ಕಾಯಿಗಳನ್ನು ತೆಗೆಯಬೇಕು. ಸಣ್ಣ ಕಾಳಿನ ಗಿಡದಲ್ಲಿಯೇ ಬರ ತಾಳುವ ಗುಣ ಅಡಗಿರಬಹುದು.

7. ಬೀಜವನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬದೆ ಬಟ್ಟೆಯ ಚೀಲದಲ್ಲಿ ಹಾಕಿ, ಒಂದು ಚೀಟಿಯನ್ನು ಒಳಗೂ ಇನ್ನೊಂದನ್ನು ಹೊರಗೂ ಇಡಬೇಕು. ಚೀಟಿಯಲ್ಲಿ ಬರೆಯಬೇಕಾದ ವಿವರಗಳು: ಬೆಳೆದವರ ಹೆಸರು, ಊರು, ಹೋಬಳಿ, ತಾಲ್ಲೂಕು; ತಳಿಗೆ ಮನೆಯಲ್ಲಿ ಕರೆಯುವ ಹೆಸರು; ಬಿತ್ತುವ ಮಳೆ, ಹೂ ಬಿಡುವ ತಿಂಗಳು; ಮಣ್ಣಿನ ಬಗೆ; ಸೊಗಡು ಹೇಗಿದೆ; ಯಾವ ಅಡುಗೆಗೆ ಹೊಂದುತ್ತದೆ; ಎಷ್ಟು ಕಾಲದಿಂದ ಮನೆಯಲ್ಲಿದೆ. ಹೆಸರಿಲ್ಲದ ಬೀಜ ವಿಳಾಸವಿಲ್ಲದ ಕಾಗದದಂತೆ.

8. ಈ ವಿವರಗಳನ್ನು ಮನೆಯ ಹೆಣ್ಣುಮಕ್ಕಳನ್ನು ಕೇಳಿಯೇ ಬರೆಯಬೇಕು. ಬಹುಪಾಲು ಮನೆಗಳಲ್ಲಿ ಬೀಜ ಹಿಡಿದು, ಒಣಗಿಸಿ, ಕಾಪಾಡುವವರು ಅವರೇ.

ಬೀಜ ಕೊಟ್ಟವರ ಹಕ್ಕು

ಬೀಜ ಕೊಟ್ಟರೆ ತಮ್ಮ ತಳಿ ತಮ್ಮ ಕೈತಪ್ಪೀತೆಂದು ಕೆಲವರು ಅಂಜುತ್ತಾರೆ. ಅಂಜಿಕೆ ಅಕಾರಣವಲ್ಲ, ಹಿಂದೆ ಹೀಗೆ ಬೀಜ ಕೊಟ್ಟವರ ಹೆಸರನ್ನು ಯಾರೂ ಬರೆದಿಡುತ್ತಿರಲಿಲ್ಲ. ಈಗ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, 2001 ಜಾರಿಯಲ್ಲಿದೆ. ಅದರಂತೆ ರೈತರು ತಾವು ಬೆಳೆದ ಬೀಜವನ್ನು ಉಳಿಸಿಕೊಳ್ಳಲು, ಬಿತ್ತಲು, ವಿನಿಮಯ ಮಾಡಲು ಮತ್ತು ಬ್ರಾಂಡ್ ಹೆಸರಿಲ್ಲದೆ ಮಾರಲು ಹಕ್ಕುಳ್ಳವರು. ರೈತರ ತಳಿಗಳನ್ನು ನೋಂದಾಯಿಸಲೂ, ತಳಿ ಸಂಪತ್ತನ್ನು ಕಾಪಾಡಿದ ರೈತರು ಮತ್ತು ಸಮುದಾಯಗಳನ್ನು ಪುರಸ್ಕರಿಸಲೂ ಅದರಲ್ಲಿ ಅವಕಾಶವಿದೆ. ಬೀಜ ಕೊಡುವಾಗ ನಿಮ್ಮ ಹೆಸರು, ಊರು ದಾಖಲಾದುದನ್ನು ಕಣ್ಣಾರೆ ನೋಡಿ, ಸಂಗ್ರಹ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ. ನಾಳೆ ನಿಮ್ಮ ಬೀಜ ಮನೆಯಲ್ಲಿ ಅಳಿದರೆ ಅದೇ ಸಂಖ್ಯೆ ತೋರಿಸಿ ಒಂದು ಹಿಡಿ ಮರಳಿ ಕೇಳಬಹುದು.

ಕೊನೆಯ ಮಾತು

ರೈತ ಬಾಂಧವರೇ, ಈ ಮಾಗಿಯಲ್ಲಿ ಅವರೆಕಾಯಿ ಬಿಡಿಸುವಾಗ ಒಂದು ಕೆಲಸ ಮಾಡಿ. ನಿಮ್ಮ ಹೊಲದಲ್ಲಿ, ಹಿತ್ತಲಿನಲ್ಲಿ, ನೆಂಟರ ಊರಿನಲ್ಲಿ ಹಳೆಯ ಅವರೆ ಎಷ್ಟು ಬಗೆಯವು ಉಳಿದಿವೆ ಎಂದು ಎಣಿಸಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಅವುಗಳ ಹೆಸರು ಕೇಳಿ ಬರೆದಿಡಿ. ಪ್ರತಿಯೊಂದರಲ್ಲಿ ಒಂದು ಹಿಡಿ ಬೀಜವನ್ನು ಚೀಟಿಯೊಡನೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಿ. ಇನ್ನೊಂದು ಹಿಡಿಯನ್ನು ಬರುವ ಮಳೆಗಾಲಕ್ಕೆ ಬಿತ್ತಿ.

ಮಾಗಡಿಯ ಒಂದು ನಾಟಿ ಅವರೆ ಉಳಿದಿದ್ದರಿಂದ ಒಂದು ಹೊಸ ತಳಿ ಬಂದಿತು. ಆ ಅಜ್ಜಿಯ ಮನೆಯ ಅವರೆ ಉಳಿದಿದ್ದರೆ ಏನು ಬರಬಹುದಿತ್ತೋ, ಅದನ್ನು ಈಗ ಯಾರೂ ಹೇಳಲಾರರು. ನಿಮ್ಮ ಮನೆಯ ಅವರೆಗೆ ಆ ಗತಿ ಬಾರದಿರಲಿ.